ಕಣ್ಣಿನ ಉರಿಯೂತ ಶಮನ ಹನಿಗಳು: ಅಡ್ಡಪರಿಣಾಮಗಳು ಮತ್ತು ಸುರಕ್ಷಿತ ಬಳಕೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪೀಠಿಕೆ

ಕಣ್ಣು ಕೆಂಪಾದೊಡನೆ ಔಷಧ ಅಂಗಡಿಗೆ ಹೋಗಿ ‘ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳಿ ಪಡೆಯುವ ರೂಢಿ ಗ್ರಾಮಗಳಲ್ಲಿ ಕಂಡುಬರುತ್ತದೆ. 2023ರ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ರಾಜ್ಯದ ಹಲವೆಡೆ ಕೆಂಗಣ್ಣು ಬೇನೆ ಹರಡಿದ್ದು ಸದಸ್ಯರ ನೆನಪಿನಲ್ಲಿರಬಹುದು. ಇಂತಹ ಸಂದರ್ಭಗಳಲ್ಲಿ ಹಾಕಿಕೊಳ್ಳುವ ಹನಿಗಳಲ್ಲಿ ಉರಿಯೂತ ಶಮನ ಮಾಡುವ ಔಷಧವೂ ಸೇರಿರುವುದುಂಟು. ವೈದ್ಯರ ಮೇಲ್ವಿಚಾರಣೆಯಲ್ಲಿ ಈ ಹನಿಗಳು ದೃಷ್ಟಿಯನ್ನು ಕಾಪಾಡುತ್ತವೆ. ಮೇಲ್ವಿಚಾರಣೆಯಿಲ್ಲದೆ ಬಳಸಿದಲ್ಲಿ ದೃಷ್ಟಿಯನ್ನೇ ಕಸಿದುಕೊಳ್ಳಬಲ್ಲವು. ಆದುದರಿಂದ ಈ ವಿಷಯದ ತಿಳಿವಳಿಕೆ ಜನಪ್ರತಿನಿಧಿಗಳಿಗೆ ಅವಶ್ಯಕವಾಗಿದೆ.

ಎರಡು ಬಗೆಯ ಹನಿಗಳು

ಮೊದಲನೆಯದು ಸ್ಟೀರಾಯ್ಡ್ ಹನಿಗಳು. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಫ್ಲೋರೊಮೆಥೊಲೋನ್ ಮುಂತಾದವು ಈ ಗುಂಪಿಗೆ ಸೇರುತ್ತವೆ. ಪ್ರತಿಜೀವಕದೊಂದಿಗೆ ಸ್ಟೀರಾಯ್ಡ್ ಬೆರೆಸಿದ ಹನಿಗಳೂ ಮಾರಾಟದಲ್ಲಿವೆ. ಎರಡನೆಯದು ಸ್ಟೀರಾಯ್ಡ್ ಅಲ್ಲದ ಉರಿಯೂತ ಶಮನಕಾರಿಗಳು. ಕೆಟೊರೊಲ್ಯಾಕ್, ನೆಪಾಫೆನ್ಯಾಕ್, ಬ್ರೋಮ್‌ಫೆನ್ಯಾಕ್, ಫ್ಲರ್ಬಿಪ್ರೊಫೆನ್ ಇವುಗಳಿಗೆ ಉದಾಹರಣೆ. ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನ ಊತ ಮತ್ತು ನೋವನ್ನು ತಗ್ಗಿಸಲು ಈ ಎರಡೂ ಬಗೆಗಳನ್ನು ವೈದ್ಯರು ಬರೆದುಕೊಡುತ್ತಾರೆ.

ಸ್ಟೀರಾಯ್ಡ್ ಹನಿಗಳ ಅಡ್ಡಪರಿಣಾಮಗಳು

1. ಕಣ್ಣಿನ ಒತ್ತಡದ ಏರಿಕೆ: ಕಣ್ಣಿನೊಳಗಿನ ದ್ರವದ ಒತ್ತಡವು ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಕೆಲವು ವಾರಗಳ ಸ್ಟೀರಾಯ್ಡ್ ಬಳಕೆಯಿಂದ ದ್ರವ ಹೊರಹೋಗುವ ಮಾರ್ಗಕ್ಕೆ ಅಡಚಣೆಯಾಗಿ ಹಲವರಲ್ಲಿ ಒತ್ತಡ ಏರುತ್ತದೆ. ಏರಿದ ಒತ್ತಡ ದೃಷ್ಟಿನರವನ್ನು ನಾಶಪಡಿಸಿದರೆ ಅದು ಗ್ಲಾಕೋಮಾ. ಇದರಲ್ಲಿ ನೋವಿರುವುದಿಲ್ಲ, ಮೊದಲು ಪಕ್ಕದ ನೋಟ ಕುಂದುವುದರಿಂದ ರೋಗಿಗೆ ಅರಿವೂ ಆಗುವುದಿಲ್ಲ. ಹೀಗೆ ಕಳೆದುಹೋದ ದೃಷ್ಟಿಯನ್ನು ಯಾವ ಚಿಕಿತ್ಸೆಯೂ ಮರಳಿ ತಾರದು.

2. ಕಣ್ಣಿನ ಪೊರೆ: ದೀರ್ಘಕಾಲದ ಬಳಕೆಯಿಂದ ಮಸೂರದ ಹಿಂಭಾಗದಲ್ಲಿ ಪೊರೆ ಬೆಳೆಯುತ್ತದೆ. ಚಿಕ್ಕ ವಯಸ್ಸಿನವರೂ ಇದಕ್ಕೆ ಹೊರತಲ್ಲ.

3. ಸೋಂಕಿನ ಉಲ್ಬಣ: ಭತ್ತದ ಹೊಟ್ಟು, ತೆನೆ, ಕಬ್ಬಿನ ಗರಿ ಅಥವಾ ಮುಳ್ಳು ತಗುಲಿದ ಕಣ್ಣಿನ ಕಾರ್ನಿಯಾದಲ್ಲಿ ಶಿಲೀಂಧ್ರದ ಹುಣ್ಣಾಗುವ ಸಂಭವವಿದೆ. ಸ್ಟೀರಾಯ್ಡ್ ಹಾಕಿದರೆ ಕೆಂಪು ತಗ್ಗಿ ಗುಣವಾದಂತೆ ತೋರುತ್ತದೆ. ಆದರೆ ದೇಹದ ರೋಗನಿರೋಧಕ ಕ್ರಿಯೆ ಕುಗ್ಗಿ ಶಿಲೀಂಧ್ರ ಒಳಕ್ಕೆ ಹಬ್ಬುತ್ತದೆ. ಹರ್ಪಿಸ್ ವೈರಾಣುವಿನ ಹುಣ್ಣೂ ಇದೇ ರೀತಿ ಉಲ್ಬಣಿಸುತ್ತದೆ.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಬೇಸಿಗೆಯಲ್ಲಿ ಅಲರ್ಜಿಯಿಂದ ಕಣ್ಣು ತುರಿಸುವ ಮಗುವಿಗೆ ಸ್ಟೀರಾಯ್ಡ್ ಹನಿ ತಕ್ಷಣ ಹಿತ ನೀಡುತ್ತದೆ. ತುರಿಕೆ ಮರುಕಳಿಸಿದಾಗಲೆಲ್ಲ ಪೋಷಕರು ಹಳೆಯ ಚೀಟಿಯನ್ನೇ ತೋರಿಸಿ ಅದೇ ಹನಿಯನ್ನು ತರುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದು, ಶಾಲೆಯಲ್ಲಿ ಕಪ್ಪುಹಲಗೆ ಕಾಣಿಸದಾದಾಗಲೇ ತೊಂದರೆ ಹೊರಬರುತ್ತದೆ. ಮಕ್ಕಳು, ಗ್ಲಾಕೋಮಾದ ಕುಟುಂಬ ಹಿನ್ನೆಲೆಯುಳ್ಳವರು ಮತ್ತು ಮಧುಮೇಹಿಗಳಲ್ಲಿ ಒತ್ತಡ ಏರುವ ಅಪಾಯ ಅಧಿಕ.

ಸ್ಟೀರಾಯ್ಡ್ ಅಲ್ಲದ ಹನಿಗಳ ಅಡ್ಡಪರಿಣಾಮಗಳು

ಹನಿ ಹಾಕಿದಾಗ ಸ್ವಲ್ಪ ಹೊತ್ತು ಉರಿ ಮತ್ತು ಚುಚ್ಚಿದ ಅನುಭವ ಸಾಮಾನ್ಯ. ಗಾಯ ಮಾಯುವುದು ತಡವಾಗಬಹುದು. ಅಪರೂಪಕ್ಕೆ ಕಾರ್ನಿಯಾ ತೆಳುವಾಗಿ ಕರಗುವುದುಂಟು. ಒಣಕಣ್ಣು, ಸಂಧಿವಾತ ಅಥವಾ ಮಧುಮೇಹ ಉಳ್ಳವರಲ್ಲಿ ಈ ಭಯ ಹೆಚ್ಚು. ಆಸ್ಪಿರಿನ್‌ನಂತಹ ನೋವುನಿವಾರಕಗಳಿಂದ ಉಬ್ಬಸ ಅಥವಾ ಅಲರ್ಜಿಯಾದವರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಸುರಕ್ಷಿತ ಬಳಕೆಯ ಕ್ರಮ

• ಕೈಗಳನ್ನು ಸೋಪಿನಿಂದ ತೊಳೆಯಬೇಕು. ಸೀಸೆಯ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಓದಬೇಕು. ಅಲುಗಾಡಿಸಿ ಬಳಸುವ ಸೂಚನೆಯಿದ್ದರೆ ಚೆನ್ನಾಗಿ ಅಲುಗಾಡಿಸಬೇಕು.
• ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಂದೇ ಹನಿ ಹಾಕಬೇಕು. ಸೀಸೆಯ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು.
• ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು 1ರಿಂದ 2 ನಿಮಿಷ ಒತ್ತಿ ಹಿಡಿಯಬೇಕು. ಇದರಿಂದ ಔಷಧ ಗಂಟಲಿಗೆ ಇಳಿಯುವುದು ತಗ್ಗುತ್ತದೆ.
• ಎರಡು ಬೇರೆ ಹನಿಗಳ ನಡುವೆ ಕನಿಷ್ಠ 5 ನಿಮಿಷ ಅಂತರವಿರಲಿ.
• ಸೀಸೆ ತೆರೆದ ದಿನವನ್ನು ಅದರ ಮೇಲೆ ಬರೆದಿಡಬೇಕು. ಲೇಬಲ್‌ನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ 4 ವಾರಗಳ ನಂತರ ಎಸೆಯಬೇಕು.
• ಒಬ್ಬರ ಹನಿಯನ್ನು ಮತ್ತೊಬ್ಬರು ಬಳಸಬಾರದು. ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಉಳಿದ ಸೀಸೆಯನ್ನು ಇತರರಿಗೆ ಕೊಡುವುದು ಅಪಾಯಕರ.
• ವೈದ್ಯರು ಸೂಚಿಸಿದ ಸ್ಟೀರಾಯ್ಡ್ ಹನಿಯನ್ನು ಭಯದಿಂದ ಹಠಾತ್ತನೆ ನಿಲ್ಲಿಸಬಾರದು. ಉರಿಯೂತ ಮರಳಿ ಕಣ್ಣಿಗೆ ಹಾನಿಯಾಗಬಹುದು. ಹಂತಹಂತವಾಗಿ ತಗ್ಗಿಸುವ ಕ್ರಮವನ್ನು ಚೀಟಿಯಲ್ಲಿರುವಂತೆ ಪಾಲಿಸಬೇಕು. ಮರುತಪಾಸಣೆಗೆ ತಪ್ಪದೆ ಹೋಗಬೇಕು.

ತೀವ್ರ ನೋವು, ನೋಟ ಮಂಜಾಗುವುದು, ಬೆಳಕು ಸಹಿಸಲಾಗದಿರುವುದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು — ಇವುಗಳಲ್ಲಿ ಒಂದು ಕಂಡರೂ ಅದೇ ದಿನ ನೇತ್ರ ವೈದ್ಯರನ್ನು ಕಾಣಬೇಕು.

ಪಂಚಾಯಿತಿಯ ಪಾತ್ರ

ಸಂವಿಧಾನದ 11ನೇ ಅನುಸೂಚಿಯು ಆರೋಗ್ಯ ಮತ್ತು ನೈರ್ಮಲ್ಯವನ್ನು ಪಂಚಾಯಿತಿಗಳ ವಿಷಯಗಳಲ್ಲಿ ಸೇರಿಸಿದೆ. 1945ರ ಔಷಧ ನಿಯಮಗಳ ಅನುಸಾರ ಸ್ಟೀರಾಯ್ಡ್ ಕಣ್ಣಿನ ಹನಿಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸದಸ್ಯರು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು:

1. ಗ್ರಾಮ ಸಭೆಯಲ್ಲಿ ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರುವುದು. ಸುಗ್ಗಿ ಮತ್ತು ಬೇಸಿಗೆಗೆ ಮುನ್ನ ಚರ್ಚಿಸಿದರೆ ಹೆಚ್ಚು ಪ್ರಯೋಜನ.
2. ಸ್ಟೀರಾಯ್ಡ್ ಹನಿಯನ್ನು ಬಹುಕಾಲದಿಂದ ಬಳಸುತ್ತಿರುವವರನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಗುರುತಿಸಿ, ಕಣ್ಣಿನ ಒತ್ತಡದ ತಪಾಸಣೆಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವುದು.
3. ಔಷಧ ವ್ಯಾಪಾರಿಗಳೊಂದಿಗೆ ಮಾತನಾಡಿ ಚೀಟಿಯಿಲ್ಲದ ಮಾರಾಟ ನಿಲ್ಲಿಸಲು ಮನವೊಲಿಸುವುದು. ಉಲ್ಲಂಘನೆ ಮುಂದುವರಿದಲ್ಲಿ ಔಷಧ ನಿಯಂತ್ರಣ ಅಧಿಕಾರಿಗಳ ಗಮನಕ್ಕೆ ತರುವುದು.
4. ಶಾಲೆ ಮತ್ತು ಅಂಗನವಾಡಿಗಳಲ್ಲಿ ಪೋಷಕರ ಸಭೆ ನಡೆದಾಗ ಈ ಪಾಠದ ಸಾರಾಂಶವನ್ನು ಓದಿ ತಿಳಿಸುವುದು.

ಚರ್ಚೆಗೆ ಪ್ರಶ್ನೆಗಳು

1. ಕಣ್ಣು ಕೆಂಪಾದಾಗ ನಿಮ್ಮ ಗ್ರಾಮದ ಜನರು ಮೊದಲು ಯಾರ ಬಳಿ ಹೋಗುತ್ತಾರೆ? ಅದಕ್ಕೆ ಕಾರಣವೇನು?
2. ಕೆಂಪು ತಗ್ಗಿದ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ಏಕೆ ಭಾವಿಸಬಾರದು?
3. ಪೊರೆಯ ಶಸ್ತ್ರಚಿಕಿತ್ಸೆಯಾದ ವೃದ್ಧರಿಗೆ ಸರಿಯಾಗಿ ಹನಿ ಹಾಕುವವರು ಮನೆಯಲ್ಲಿ ಇಲ್ಲದಿದ್ದರೆ ಪಂಚಾಯಿತಿಯು ಯಾವ ವ್ಯವಸ್ಥೆ ಮಾಡಬಹುದು?