ಬಾಟ್‌ಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಅದರದು ಬರೀ ಲೆಕ್ಕ

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ ಹತ್ತಿ ಎಲ್ಲರ ಕೈಗೂ ಕರಪತ್ರ ಕೊಟ್ಟು ಇಳಿದು, ಆಮೇಲೆ ಅರಕಲಗೂಡಿನ ಬಸ್ಸು, ಚನ್ನರಾಯಪಟ್ಟಣದ ಬಸ್ಸು ಅಂತ ಹತ್ತುತ್ತಾ ಹೋಗೋ ಹುಡುಗರನ್ನು ನೋಡಿರ್ತೀರಿ. ಅವರು ಯಾರ ಮುಖವನ್ನೂ ನೋಡಲ್ಲ. ಬಸ್ಸಿಗೆ ಒಬ್ಬರು ಓದಿದರೂ ಸಾಕು. ಆದರೆ ಅವರಿಗೆ ಕಾಗದದ ಖರ್ಚಿದೆ, ಅಚ್ಚಿನ ಖರ್ಚಿದೆ, ಕಾಲೂ ನೋಯುತ್ತೆ. ಈ ಯಾವ ತಾಪತ್ರಯವೂ ಇಲ್ಲದೆ ಕರಪತ್ರ ಹಂಚೋ ಪ್ರೋಗ್ರಾಮೇ ಸ್ಪ್ಯಾಮ್‌ಬಾಟ್.

ನಾವು ಕೆಲವು ಗೆಳೆಯರು ಜೂನಿಯರ್‌ಗಳಿಗಾಗಿ ಒಂದು ಪ್ರಶ್ನೋತ್ತರ ಫೋರಂ ಮಾಡಿದ್ವಿ. ಒಂದು ರಾತ್ರಿ ಅದರ ತುಂಬಾ ಜೂಜಿನ ಜಾಹೀರಾತು. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಅಳಿಸಿದ್ವಿ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ ಹುಡುಗಿಯೊಬ್ಬಳು ಗಣಿತದ ಬಗ್ಗೆ ಕೇಳಿದ್ದ ಪ್ರಶ್ನೆಯೂ ಅದರ ಜೊತೆ ಹೋಯ್ತು. ಅವಳು ಮತ್ತೆ ಏನೂ ಕೇಳಲಿಲ್ಲ. ಸ್ಪ್ಯಾಮಿನ ನಿಜವಾದ ನಷ್ಟ ಇದೇ.

ಇಷ್ಟು ಸಣ್ಣ ಫೋರಂಗೆ ಬಾಟ್ ಯಾಕೆ ಬರುತ್ತೆ? ಒಂದು, ಲಿಂಕಿನ ಆಸೆ. ಒಂದು ಪುಟಕ್ಕೆ ಎಲ್ಲೆಲ್ಲಿಂದ ಲಿಂಕ್ ಇದೆ ಅನ್ನೋದನ್ನೂ ಸರ್ಚ್ ಇಂಜಿನ್‌ಗಳು ಗಮನಿಸುತ್ತವೆ. ಹಾಗಾಗಿ ಕಂಡಲ್ಲೆಲ್ಲ ಲಿಂಕ್ ಅಂಟಿಸೋದು. ಎರಡು, ಸುಲಭ. ಪಿಎಚ್‌ಪಿಬಿಬಿಯಂಥ ರೆಡಿಮೇಡ್ ಸಾಫ್ಟ್‌ವೇರ್ ಹಾಕಿದ ಕಡೆಯೆಲ್ಲ ನೋಂದಣಿ ಫಾರ್ಮ್ ಹೆಚ್ಚುಕಡಿಮೆ ಒಂದೇ ಥರ. ಒಂದು ಕೀಲಿ ಮಾಡಿಸಿದರೆ ಸಾವಿರ ಬೀಗ ತೆಗೆಯುತ್ತೆ.

2005ರಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಸೇರಿ ‘ನೋಫಾಲೋ’ ಗುರುತನ್ನು ತಂದವು. ಈ ಗುರುತಿರುವ ಲಿಂಕಿಗೆ ಸರ್ಚ್‌ನಲ್ಲಿ ಲಾಭ ಸಿಗಬಾರದು ಅನ್ನೋದು ಉದ್ದೇಶ. ಸ್ಪ್ಯಾಮ್ ನಿಂತಿತಾ? ಇಲ್ಲ. ಗುರುತಿದೆಯಾ ಅಂತ ಹುಡುಕೋದಕ್ಕಿಂತ ಅಂಟಿಸಿ ಹೋಗೋದೇ ಬಾಟ್‌ಗೆ ಅಗ್ಗ. ಯಾರೋ ಒಬ್ಬರು ಕ್ಲಿಕ್ ಮಾಡಿದರೂ ಲಾಭ ತಾನೇ?

ಹಾಗಾದರೆ ಉಪಾಯ ಒಂದೇ: ಬಾಟ್‌ಗೆ ಖರ್ಚು ಹೆಚ್ಚಿಸಬೇಕು, ಮನುಷ್ಯರಿಗೆ ಹೆಚ್ಚಿಸಬಾರದು.

1. ಫಾರ್ಮ್‌ನಲ್ಲಿ ಸಿಎಸ್‌ಎಸ್‌ನಿಂದ ಮರೆಮಾಡಿದ ಒಂದು ಖಾನೆ ಇಡಿ. ನಮಗೆ ಕಾಣಲ್ಲ, ಸಾಮಾನ್ಯ ಬಾಟ್ ಅದನ್ನೂ ತುಂಬುತ್ತೆ. ತುಂಬಿ ಬಂದದ್ದನ್ನು ಸರ್ವರ್‌ನಲ್ಲೇ ತಿರಸ್ಕರಿಸಿ. ಸ್ಕ್ರೀನ್ ರೀಡರ್ ಬಳಸುವವರಿಗಾಗಿ ‘ಇದನ್ನು ಖಾಲಿ ಬಿಡಿ’ ಅಂತ ಬರೆದಿರಲಿ.

2. ಫಾರ್ಮ್ ತೆರೆದ ಎರಡೇ ಸೆಕೆಂಡಿಗೆ ಭರ್ತಿಯಾಗಿ ಬಂದರೆ ಅನುಮಾನಿಸಿ.

3. ನಿಮ್ಮದೇ ಪ್ರಶ್ನೆ ಕೇಳಿ: ‘ಹೇಮಾವತಿ ಅಣೆಕಟ್ಟು ಇರೋದು ಯಾವ ಊರಲ್ಲಿ?’ ‘ಗೊರೂರು’ ಅನ್ನೋ ಉತ್ತರ ಕನ್ನಡದಲ್ಲಿ ಬಂದರೂ ಇಂಗ್ಲಿಷ್ ಅಕ್ಷರದಲ್ಲಿ ಬಂದರೂ ಒಪ್ಪಿಕೊಳ್ಳಿ. ಈಗಿನ ಎಐ ಇದಕ್ಕೂ ಉತ್ತರಿಸಬಲ್ಲದು, ನಿಜ. ಆದರೆ ನಿಮ್ಮೊಬ್ಬರಿಗೋಸ್ಕರ ಬೇರೆ ಕೀಲಿ ಮಾಡಿಸಬೇಕಲ್ಲ, ಅದೇ ಖರ್ಚು.

4. ಹೊಸಬರ ಮೊದಲ ಎರಡು ಪೋಸ್ಟ್‌ಗಳಲ್ಲಿ ಲಿಂಕಿಗೆ ಅವಕಾಶ ಬೇಡ. ಬರೀ ಪ್ರಶ್ನೆ ಕೇಳೋರಿಗೆ ಇದರಿಂದ ತೊಂದರೆಯಿಲ್ಲ. ಲಿಂಕಿಗೇ ಬಂದ ಬಾಟ್‌ಗೆ ಬಂದದ್ದೇ ದಂಡ.

ಚಿತ್ರದ ಕ್ಯಾಪ್ಚಾ ಕೊನೆಗಿರಲಿ. ಕಣ್ಣು ಕಾಣದವರಿಗೆ ಅದು ಗೋಡೆ. ಸ್ಪ್ಯಾಮರ್‌ಗಳಾದರೋ ದುಡ್ಡು ಕೊಟ್ಟು ಜನರಿಂದಲೇ ಬಿಡಿಸಿಕೊಳ್ಳುತ್ತಾರೆ.

ಕೊನೇ ಮಾತು: ಏನನ್ನೇ ಆಗಲಿ ಒಟ್ಟಿಗೆ ಅಳಿಸೋ ಮೊದಲು ಒಂದು ಸಲ ಓದಿ. ನೂರು ಕರಪತ್ರದ ನಡುವೆ ಯಾರದೋ ಮೊದಲ ಪ್ರಶ್ನೆ ಇರಬಹುದು.