ವ್ಯಾನಿನ ಎಸಿ ಬಿಸಿಗಾಳಿ ಬೀಸುತ್ತಿದೆಯೇ? ಗ್ಯಾಸ್ ತುಂಬಿಸುವ ಮೊದಲು ಲೀಕ್ ಹುಡುಕಿ

ನಮ್ಮದು ಹನ್ನೊಂದು ವರ್ಷದ ಈಕೋ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಅದರ ಎಸಿ ಕೆಟ್ಟರೆ ಒಳಗೆ ಕೂರಲಾಗದು. ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಕಾವು ಕಾಲಬುಡದಿಂದಲೂ ಏರುತ್ತದೆ. ಹೋದ ಬೇಸಿಗೆಯಲ್ಲಿ ಎಸಿ ಬಿಸಿಗಾಳಿ ಬೀಸತೊಡಗಿತು. "ಗ್ಯಾಸ್ ಖಾಲಿ ಆಗೈತ್ರಿ ಸರ್" ಎಂದು ಒಂದು ಗ್ಯಾರೇಜಿನಲ್ಲಿ ತುಂಬಿಕೊಟ್ಟರು. ಮೂರು ವಾರದಲ್ಲಿ ತಂಪು ಹೋಯಿತು. ಮತ್ತೆ ತುಂಬಿಸಿದೆವು, ಮತ್ತೆ ಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಒದ್ದೆ ಟವೆಲ್ ತಲೆಗೆ ಹೊದ್ದು ಕೂತಿದ್ದನ್ನು ಕಂಡ ಮೇಲೆ ಈ ಯಂತ್ರದ ಬಗ್ಗೆ ತಿಳಿದುಕೊಳ್ಳದೆ ವಿಧಿಯಿಲ್ಲ ಅನ್ನಿಸಿತು.

ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಮುಂದಿನ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ, ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗಿ ಶಾಖ ಹೀರುತ್ತದೆ. ರಬ್ಬರ್ ಪೈಪುಗಳಿಂದ ವರ್ಷಗಟ್ಟಲೆಯಲ್ಲಿ ತುಸು ಸೋರುವುದು ಸಹಜ. ಮೂರು ವಾರದಲ್ಲಿ ಖಾಲಿಯಾದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಮನೆಯಲ್ಲೇ ನೋಡಬಹುದಾದದ್ದು

ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಬ್ಲೋವರ್ ಜೋರು ಮಾಡಿ. ಗಾಳಿಯೇ ಬರದಿದ್ದರೆ ಫ್ಯೂಸ್ ಅಥವಾ ಬ್ಲೋವರ್ ಮೋಟಾರು ನೋಡಿಸಿ. ಕೊನೆಯ ಸ್ಪೀಡಿನಲ್ಲಿ ಮಾತ್ರ ಗಾಳಿ ಬರುತ್ತಿದ್ದರೆ ಸಾಮಾನ್ಯವಾಗಿ ರೆಸಿಸ್ಟರ್ ಸುಟ್ಟಿರುತ್ತದೆ. ಇದು ಚಿಕ್ಕ ಕೆಲಸ.

ಈಗ ಎಸಿ ಬಟನ್ ಒತ್ತಿ ಕಿವಿಗೊಡಿ. 'ಟಕ್' ಎಂಬ ಸದ್ದಿನೊಂದಿಗೆ ಕಂಪ್ರೆಸರ್ ಕ್ಲಚ್ ಹಿಡಿಯಬೇಕು, ಎಂಜಿನ್ ಸದ್ದು ಕೊಂಚ ಬದಲಾಗಬೇಕು. ಕ್ಲಚ್ ಹಿಡಿಯದಿದ್ದರೆ ಎಂಜಿನ್ ಆಫ್ ಮಾಡಿ ಎಸಿ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಮತ್ತೆ ಸುಟ್ಟರೆ ಸುಮ್ಮನೆ ಬದಲಿಸುತ್ತಾ ಹೋಗಬೇಡಿ, ವೈರಿಂಗ್ ಅಥವಾ ಕ್ಲಚ್ ಕಾಯಿಲ್ ಶಾರ್ಟ್ ಆಗಿರಬಹುದು. ಅದೇ ನಂಬರಿನ ಬೇರೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಇವೆಲ್ಲ ಸರಿಯಿದ್ದೂ ಕ್ಲಚ್ ಹಿಡಿಯದಿದ್ದರೆ ಗ್ಯಾಸ್ ತೀರಾ ಕಡಿಮೆಯಾಗಿ ಪ್ರೆಶರ್ ಸ್ವಿಚ್ಚು ಕಂಪ್ರೆಸರನ್ನು ತಡೆದಿರುವ ಸಾಧ್ಯತೆಯಿದೆ. ತಿರುಗುವ ಬೆಲ್ಟಿನ ಹತ್ತಿರ ಕೈ, ಸೆರಗು, ದುಪಟ್ಟಾ ಹೋಗದಿರಲಿ.

ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಎಂದಾದರೆ ಕಂಡೆನ್ಸರ್ ಮತ್ತು ಅದರ ಫ್ಯಾನಿನ ಮೇಲೆ ಗುಮಾನಿ ಇಡಿ. ನಮ್ಮ ಕಡೆಯ ಅದಿರಿನ ಕೆಂಪು ಧೂಳು ಕಂಡೆನ್ಸರಿನ ತೆಳು ಎಲೆಗಳ ನಡುವೆ ಗಟ್ಟಿಯಾಗಿ ಕೂತುಬಿಡುತ್ತದೆ. ಎಂಜಿನ್ ತಣ್ಣಗಿರುವಾಗ ಸಾಧಾರಣ ಪೈಪಿನ ನೀರಿನಲ್ಲಿ ನಿಧಾನವಾಗಿ ತೊಳೆಯಿರಿ. ವಾಟರ್ ಸರ್ವಿಸಿನ ಜೋರು ಗನ್ ಹಿಡಿದರೆ ಆ ಎಲೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತವೆ.

ಲೀಕ್ ಹುಡುಕುವ ಬಗೆ

ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ಲೂ ಸುತ್ತುತ್ತದೆ. ಹಾಗಾಗಿ ಗ್ಯಾಸ್ ಸೋರುವ ಜಾಗದಲ್ಲಿ ಹೆಚ್ಚಾಗಿ ಜಿಡ್ಡು, ಆ ಜಿಡ್ಡಿಗೆ ಅಂಟಿದ ಧೂಳು ಕಾಣುತ್ತದೆ. ಟಾರ್ಚ್ ಹಿಡಿದು ಪೈಪುಗಳ ಜಾಯಿಂಟು, ಕಂಡೆನ್ಸರಿನ ಕೆಳ ಅಂಚು, ಕಂಪ್ರೆಸರಿನ ಮುಂಭಾಗ ನೋಡಿ. ನಮ್ಮ ಗಾಡಿಯಲ್ಲಿ ಕಂಡೆನ್ಸರ್ ಪೈಪಿನ ಒಂದು ಜಾಯಿಂಟ್ ಸುತ್ತ ಕೆಂಪಗೆ ಜಿಡ್ಡುಗಟ್ಟಿತ್ತು. ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಎದ್ದಿತು. ಕೆಟ್ಟಿದ್ದು ಅಲ್ಲಿದ್ದ ಒಂದು ರಬ್ಬರ್ ಓ-ರಿಂಗ್ ಮಾತ್ರ. ಎರಡು ಸಲ ಗ್ಯಾಸಿಗೆ ಕೊಟ್ಟ ಹಣ ಅದರ ದಾರಿಯಲ್ಲೇ ಹೋಗಿತ್ತು.

ಇಲ್ಲಿಂದ ಮುಂದಿನದು ಮೆಕ್ಯಾನಿಕ್ ಕೆಲಸ. ಜಾಯಿಂಟನ್ನಾಗಲಿ ವಾಲ್ವನ್ನಾಗಲಿ ನೀವೇ ಬಿಚ್ಚಬೇಡಿ. ಈ ಗಾಡಿಗಳಲ್ಲಿರುವ ಆರ್-134ಎ ಗ್ಯಾಸಿನ ದ್ರವ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಚರ್ಮಕ್ಕೆ, ಕಣ್ಣಿಗೆ ಹಾರಿದರೆ ಹಿಮದ ಗಾಯವಾಗುತ್ತದೆ. ಓಜೋನ್ ಪದರಕ್ಕೆ ಅದು ಹಾನಿ ಮಾಡದಿದ್ದರೂ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಆದ್ದರಿಂದ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಮಷಿನ್ನಿಗೆ ಎಳೆದುಕೊಳ್ಳುವ ಗ್ಯಾರೇಜನ್ನೇ ಹುಡುಕಿ. ಕಣ್ಣಿಗೆ ಕಾಣದ ಲೀಕಿಗೆ ನೈಟ್ರೋಜನ್ ತುಂಬಿ ಪರೀಕ್ಷಿಸಲು ಹೇಳಿ. ಆಕ್ಸಿಜನ್ ಸಿಲಿಂಡರ್ ಹಚ್ಚಲು ಬಂದರೆ ತಡೆಯಿರಿ, ಆಯಿಲ್ ಜೊತೆ ಸೇರಿ ಅದು ಸ್ಫೋಟಿಸಬಹುದು. ಅಗ್ಗವೆಂದು ಎಲ್‌ಪಿಜಿ ತುಂಬಿಸಲು ಒಪ್ಪಲೇಬೇಡಿ.

ರಿಪೇರಿಗೆ ಪೈಪು ಬಿಚ್ಚಿದರೆ ಡ್ರೈಯರ್ ಬದಲಿಸುವುದು ಒಳ್ಳೆಯದು. ಅದರೊಳಗಿನ ತೇವ ಹೀರುವ ಕಾಳು ಹೊರಗಾಳಿ ತಾಗಿದರೆ ಕೆಲಸಕ್ಕೆ ಬಾರದು. ಆಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು, ಪಂಪ್ ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಕದಲಬಾರದು. ಅವಸರದ ಗ್ಯಾರೇಜುಗಳಲ್ಲಿ ಕತ್ತರಿ ಬೀಳುವುದು ಇದಕ್ಕೇ. ಒಳಗೆ ಉಳಿದ ತೇವ ಹಿಮಗಟ್ಟಿ ವಾಲ್ವ್ ಕಟ್ಟುತ್ತದೆ, ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ. ಗ್ಯಾಸನ್ನು ಅಂದಾಜಿನಲ್ಲಿ ಹಾಕಿಸದೆ ಕಂಪನಿ ಹೇಳಿರುವಷ್ಟೇ ಗ್ರಾಂ ತೂಗಿ ಹಾಕಿಸಿ.

ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಮಜೂರಿ ದೊಡ್ಡದು. ಕಂಪ್ರೆಸರ್ ಜಾಮ್ ಆಗಿ ಲೋಹದ ಪುಡಿ ಪೈಪುಗಳಲ್ಲೆಲ್ಲಾ ಹರಡಿದ್ದರೆ ಖರ್ಚು ಇನ್ನೂ ಏರುತ್ತದೆ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಕ್ಕೆ ನವೀಕರಿಸಬೇಕಲ್ಲವೇ? ಅದಕ್ಕೆ ಒಂದೋ ಎರಡೋ ವರ್ಷ ಉಳಿದಿದ್ದು ಗಾಡಿ ಮಾರುವ ಯೋಚನೆಯೂ ಇದ್ದರೆ ಇಷ್ಟು ದೊಡ್ಡ ರಿಪೇರಿ ಮಾಡಿಸಬೇಡಿ ಎಂದೇ ನಾನು ಹೇಳುತ್ತೇನೆ. ಓ-ರಿಂಗ್, ಪೈಪು, ಫ್ಯಾನಿನಂಥ ಕೆಲಸವಾದರೆ ತಡಮಾಡದೆ ಮಾಡಿಸಿ.

ಸರಿಯಾದ ಮೇಲೆ ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಆಯಿಲ್ ಸುತ್ತುತ್ತಿದ್ದರೆ ಕಂಪ್ರೆಸರಿನ ಸೀಲ್ ಒಣಗುವುದಿಲ್ಲ.