‘ಗೋಲ್ಡನ್ ಟೀಚರ್’ ಅಣಬೆ ಮನೆಯಲ್ಲಿ ಬೆಳೆಯಬಹುದೇ?

ನಿಮ್ಮ ಆತಂಕ ಸರಿಯಾಗಿಯೇ ಇದೆ, ತಾಯಿ. ಮಗ ಬೆಳೆಸಹೊರಟಿರುವ ‘ಗೋಲ್ಡನ್ ಟೀಚರ್’, ಸೈಲೊಸೈಬಿ ಕ್ಯೂಬೆನ್ಸಿಸ್ ಎಂಬ ಅಣಬೆಯ ತಳಿ. ಕೊಡೆ ಹೊಂಬಣ್ಣ, ಬೀಜಕಣ ಕಡುನೇರಳೆ. ದಂಟು ಹಿಸುಕಿದರೆ ನೀಲಿಗಟ್ಟುತ್ತದೆ. ಈ ಜಾತಿ ಸಗಣಿಯ ಮೇಲೆ ತಾನಾಗಿಯೂ ಏಳುತ್ತದೆ. ಹಾಗೆಂದು ‘ಪ್ರಕೃತಿಯದ್ದು, ಅಪರಾಧವಲ್ಲ’ ಎಂಬ ಅವನ ವಾದ ಒಪ್ಪಬೇಡಿ. ಅಣಬೆಯೊಳಗಿನ ಭ್ರಮೆ ಹುಟ್ಟಿಸುವ ಅಂಶ ಸೈಲೊಸೈಬಿನ್, ಮಾದಕವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್, ಅಣಬೆಯ ಇಡೀ ತೂಕವನ್ನು ಮಾದಕವಸ್ತುವಿನ ತೂಕವೆಂದು ಎಣಿಸಲಾಗದು ಎಂದದ್ದು ನಿಜ. ಆದರೆ ಅದು ಜಾಮೀನು ಆದೇಶ. ಬೆಳೆಯಲು, ಮಾರಲು ಕೊಟ್ಟ ಅನುಮತಿಯಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನೀವು ಪತ್ರದ ಕೊನೆಗೆ ಬರೆದ ಸಾಲು: ಅವನ ಸೋದರಮಾವನಿಗೆ ಸ್ಕಿಜೋಫ್ರೇನಿಯಾ ಇತ್ತು. ಮನೆತನದಲ್ಲಿ ಆ ಕಾಯಿಲೆ ಇದ್ದರೆ ಸೈಲೊಸೈಬಿನ್ ಅದನ್ನು ಕೆರಳಿಸಬಹುದು. ಸಂಶೋಧನೆಗಳಿಗೂ ಅಂಥವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಇದನ್ನು ಮಗನಿಗೆ ಸಮಾಧಾನದಿಂದ, ಮುಚ್ಚುಮರೆಯಿಲ್ಲದೆ ಹೇಳಿ. ಈಗಾಗಲೇ ತಿಂದಿದ್ದು ವಿಪರೀತ ಗಾಬರಿ, ಅಸಂಬದ್ಧ ಮಾತು ಕಂಡರೆ ಪೊಲೀಸರಿಗೆ ಹೆದರಿ ಮನೆಯಲ್ಲಿ ಕೂರಿಸಿಕೊಳ್ಳಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.